ಒತ್ತೆಯಿಲ್ಲದ ಸಾಲದ ಒತ್ತೆ

(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳಕ್ಕೆ ಇನ್ನೂ ಹತ್ತು ದಿನವಿರುವಾಗ ಕೈಸಾಲಕ್ಕೆಂದು ಸಾಹುಕಾರನ ಮನೆ ಬಾಗಿಲಿಗೆ ಹೋಗುವ ಕಾಲ ಹೋಯಿತು. ಈಗ ಸಾಹುಕಾರ ನಮ್ಮ ಜೇಬಿನ ಫೋನಿನಲ್ಲೇ ಕುಳಿತಿದ್ದಾನೆ. ಹಿಂದಿನವನು ಹಿತ್ತಾಳೆ ಕೊಡವನ್ನಾದರೂ ಒತ್ತೆ ಇಡಿಸಿಕೊಳ್ಳುತ್ತಿದ್ದ. ಈ ಸಾಲದ ಆ್ಯಪಿಗೆ ಒತ್ತೆಯೇ ಬೇಡವಂತೆ! ಕಾಂಟ್ಯಾಕ್ಟುಗಳನ್ನು ನೋಡಲೇ, ಫೋಟೋಗಳನ್ನು ನೋಡಲೇ ಎಂದು ಮಾತ್ರ ಕೇಳುತ್ತದೆ. ನಾವು ಓದದೆ ‘ಅನುಮತಿಸಿ’ ಎಂಬಲ್ಲಿ ಒತ್ತಿಬಿಡುತ್ತೇವೆ.

ಆ ಪಟ್ಟಿಯಲ್ಲಿ ಯಾರಿದ್ದಾರೆ? ಒಂದೇ ಪಾಳಿಯ ಸಂಗಾತಿಗಳು, ಬೀಗರು, ಮಕ್ಕಳ ಶಾಲೆಯ ಮೇಷ್ಟರು. ಅಂಗಡಿಯವರ ಫೋನಿನಲ್ಲಿ ಉದ್ರಿ ಗಿರಾಕಿಗಳೆಲ್ಲರ ನಂಬರುಂಟು. ಸಾಲ ಪಡೆದವರು ಒಬ್ಬರು, ಒತ್ತೆ ಬಿದ್ದವರು ಇನ್ನೂರು ಮುನ್ನೂರು ಜನ, ಅವರನ್ನು ಕೇಳಿದವರಾರು? ಕಂತು ತಪ್ಪಿದರೆ ಅವರಿಗೆಲ್ಲ ಕರೆ ಹೋಗುತ್ತದೆ, ನಮ್ಮ ಮುಖ ಅಂಟಿಸಿದ ಹೊಲಸು ಚಿತ್ರ ಹೋಗುತ್ತದೆ. ಈ ಅವಮಾನ ತಾಳದೆ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿದ್ದಾರೆ.

‘ಬಡವರಿಗೆ ಗುಟ್ಟೇನು?’ ಎನ್ನುವವರುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಹಕ್ಕು ಗಿರಣಿ ಕಾರ್ಮಿಕನಿಗಿಲ್ಲವೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಸಾಲದ ಆ್ಯಪು ಕಾಂಟ್ಯಾಕ್ಟು ಪಟ್ಟಿಗೆ, ಕರೆಗಳ ಲೆಕ್ಕಕ್ಕೆ, ಫೋಟೋಗಳಿಗೆ ಕೈ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿಯೇ ವಿಧಿಸಿತು. ಕ್ಯಾಮೆರಾ ಬೇಕಿದ್ದರೆ ಗುರುತು ಪರಿಶೀಲನೆಗೆ ಒಮ್ಮೆ ಮಾತ್ರ, ಅದೂ ಒಪ್ಪಿಗೆ ಪಡೆದು. ಲೈಸೆನ್ಸಿಲ್ಲದ ಆ್ಯಪುಗಳಿಗೆ ಈ ವಿಧಿಯ ಭಯವಿಲ್ಲ. ಆದ್ದರಿಂದ ಪಟ್ಟಿ ಕೇಳಿದ ಕೂಡಲೇ ಅದನ್ನು ಕಳ್ಳ ಆ್ಯಪೆಂದೇ ತಿಳಿಯಿರಿ. 2023ರ ದತ್ತಾಂಶ ಸಂರಕ್ಷಣಾ ಕಾನೂನು, ಒಪ್ಪಿಗೆಯ ಬರಹ ಕನ್ನಡದಲ್ಲಿಯೂ ಸಿಗಬೇಕು, ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆಯುವಂತಿರಬೇಕು ಎನ್ನುತ್ತದೆ. ಅದೇ ಕಾನೂನು ಸರ್ಕಾರಕ್ಕೆ ಧಾರಾಳ ವಿನಾಯಿತಿ ಇಟ್ಟಿದೆ. ಆ ಮಾತು ಇನ್ನೊಂದು ಸಭೆಗಿರಲಿ.

ಫೋನಿನ ಸೆಟ್ಟಿಂಗ್ಸ್ ತೆರೆದರೆ ಪ್ರತಿಯೊಂದು ಆ್ಯಪಿಗೆ ಕೊಟ್ಟ ಅನುಮತಿಗಳು ಕಾಣುತ್ತವೆ. ಟಾರ್ಚು ಹಚ್ಚುವ ಆ್ಯಪಿಗೆ ನಿಮ್ಮ ಬೀಗರ ನಂಬರು ಏತಕ್ಕೆ? ತೆಗೆಯಿರಿ. ಆದರೆ ಒಮ್ಮೆ ಹೋದ ಪಟ್ಟಿ ಮರಳಿ ಬಾರದು. ಇಂದು ತೆಗೆದರೆ ಇಂದಿನಿಂದ ಮಾತ್ರ ತಡೆ. ಆಗಲೇ ಬೆದರಿಕೆ ಬಂದಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಸೈಬರ್ ಅಪರಾಧದ 1930 ನಂಬರಿಗೆ ಕರೆ ಮಾಡಿ, ಬಂದ ಸಂದೇಶಗಳನ್ನು ಅಳಿಸದೆ ಇಡಿ.

ಬರುವ ಭಾನುವಾರ ಸಂಜೆ ಕಚೇರಿಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಒಂದೊಂದು ಫೋನನ್ನೂ ನೋಡೋಣ. ಓದು ಬಾರದವರು ಮೊದಲು ಬರಲಿ. ಫೋನು ಚಾರ್ಜು ಮಾಡಿಕೊಂಡು ತನ್ನಿರಿ, ನಮ್ಮ ಕಚೇರಿಯಲ್ಲಿ ಪ್ಲಗ್ಗು ಇರುವುದು ಒಂದೇ.