ಬಿಡಾರದ ಪ್ಲಗ್ಗೂ ಬ್ಯಾಟರಿಯ ಟ್ರಕ್ಕೂ
(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನ ಅಡುಗೆಮನೆಯಲ್ಲಿ ಗ್ರೈಂಡರಿನ ದೊಡ್ಡ ಪ್ಲಗ್ಗನ್ನು ದೀಪದ ಸಣ್ಣ ಪಾಯಿಂಟಿಗೆ ಹೇಗೋ ಸಿಕ್ಕಿಸಿ ರುಬ್ಬುವುದನ್ನು ನಾವೆಲ್ಲ ಕಂಡವರೇ. ಪ್ಲಗ್ಗು ಕರಗಿ ವಾಸನೆ ಬಂದಾಗ ಬೈಸಿಕೊಂಡವನು ರುಬ್ಬುವ ಹುಡುಗ. ಸರಿಯಾದ ಪಾಯಿಂಟು ಹಾಕಿಸದ ಯಜಮಾನನಲ್ಲ. ಅದಿರಲಿ. ಇಂದು ನಾವು ಹೇಳಹೊರಟಿರುವುದು ಅಮೆರಿಕದ ಸಂಗತಿ. ಆದರೆ ತೊಡಕು ಮಾತ್ರ ಇದೇ.

ಅಲ್ಲಿ 2021ರಲ್ಲಿ ರಿವಿಯನ್, 2022ರಲ್ಲಿ ಫೋರ್ಡ್ ಕಂಪನಿಯವರು ಬ್ಯಾಟರಿಯಿಂದ ಓಡುವ ಪಿಕಪ್ ಟ್ರಕ್ಕನ್ನು ಗಿರಾಕಿಗಳ ಕೈಗೆ ಕೊಟ್ಟರು. ಫೋರ್ಡಿನ ದೊಡ್ಡ ಬ್ಯಾಟರಿಗೆ 131 ಯೂನಿಟ್ಟು ಹಿಡಿಯುತ್ತದೆ. ನಿಮ್ಮ ಖೋಲಿಯ ತಿಂಗಳ ಬಿಲ್ಲನ್ನು ತೆಗೆದು ಹೋಲಿಸಿ ನೋಡಿ! ಇಷ್ಟನ್ನು ಊರಾಚೆ ತುಂಬಿಸುವುದು ಎಲ್ಲಿ? ಮನೆಯಂತಹ ಗಾಡಿಗಳಲ್ಲಿ ಊರೂರು ಸುತ್ತುವವರು ರಾತ್ರಿ ತಂಗಲೆಂದು ಆ ದೇಶದಲ್ಲಿ ಬಿಡಾರದ ಬಯಲುಗಳಿವೆ. ಗಾಡಿ ನಿಲ್ಲುವ ಜಾಗದ ಪಕ್ಕದಲ್ಲಿ ಒಂದು ವಿದ್ಯುತ್ ಪೆಟ್ಟಿಗೆ. ಅದರಲ್ಲಿ 240 ವೋಲ್ಟಿನ 50 ಆಂಪಿಯರ್ ಸಾಕೆಟ್ಟು ಇರಬಹುದು, ಇಲ್ಲವೇ 120 ವೋಲ್ಟಿನ 30 ಆಂಪಿಯರಿನದು ಮಾತ್ರ ಇರಬಹುದು.

ಗಂಟೆಗಟ್ಟಲೆ ಎಳೆಯುವ ಲೋಡಾದರೆ ನೂರಕ್ಕೆ ಎಂಬತ್ತರಷ್ಟೇ ಎಳೆಯಬೇಕೆಂಬುದು ಅಲ್ಲಿನ ನಿಯಮ. ಆದುದರಿಂದ 50ರಲ್ಲಿ 40 ಆಂಪಿಯರ್, ಅಂದರೆ ಗಂಟೆಗೆ 9.6 ಯೂನಿಟ್ಟು, ಬರಿದಾದ ಬ್ಯಾಟರಿ ತುಂಬಲು ಹದಿನಾಲ್ಕು ಗಂಟೆಗೆ ಕಡಿಮೆಯಿಲ್ಲ. 30ರಲ್ಲಿ 24 ಆಂಪಿಯರ್, ಗಂಟೆಗೆ ಮೂರು ಯೂನಿಟ್ಟೂ ತುಂಬದು. ರಾತ್ರಿ ಹತ್ತು ಗಂಟೆ ಹಾಕಿಟ್ಟರೆ ಬೆಳಗ್ಗೆ ನೂರು ಕಿಲೋಮೀಟರಿನ ಆಸುಪಾಸು ಓಡಲು ಸಾಕು.

ಮೋಸ ಇರುವುದು ಅಡಾಪ್ಟರಿನಲ್ಲಿ. 50ರ ಸಾಕೆಟ್ಟಿನಲ್ಲಿ ಎರಡು ಲೈನು, ಒಂದು ನ್ಯೂಟ್ರಲ್, ಒಂದು ಅರ್ಥ್. ಟ್ರಕ್ಕಿನ ಕೇಬಲ್ಲು ಎರಡು ಲೈನುಗಳ ನಡುವಿನ 240 ವೋಲ್ಟನ್ನೇ ಹಿಡಿಯುತ್ತದೆ, ನ್ಯೂಟ್ರಲ್ ಅದಕ್ಕೆ ಬೇಡ. 30ರಲ್ಲಿ ಇರುವುದು ಒಂದೇ ಲೈನು. ಮನೆಗಾಡಿಗಳಿಗಾಗಿ ಮಾರುವ ಅಡಾಪ್ಟರು ಆ ಒಂದೇ ಲೈನನ್ನು ಎರಡೂ ಕಡೆಗೆ ಕೊಡುತ್ತದೆ. ಲೈನಿಗೂ ಅದೇ ಲೈನಿಗೂ ನಡುವೆ ವೋಲ್ಟೇಜು ಸೊನ್ನೆ! ಟ್ರಕ್ಕು ಕದಲದೆ ಮಲಗಿರುತ್ತದೆ. ಇದಕ್ಕೆಂದೇ ಬೇರೆ ಅಡಾಪ್ಟರು ಬೇಕು: ಒಂದು ಕಡೆ ಲೈನು, ಇನ್ನೊಂದು ಕಡೆ ನ್ಯೂಟ್ರಲ್. ಅದನ್ನು ಮರೆತೂ ಮನೆಗಾಡಿಗೆ ಹಾಕಬಾರದು.

ಅಷ್ಟಕ್ಕೇ ಮುಗಿಯಲಿಲ್ಲ. ಕೇಬಲ್ಲಿನ ತುದಿ 50ರದ್ದಾದ್ದರಿಂದ ಅದು ತನ್ನೆದುರು 50 ಇದೆಯೆಂದೇ ನಂಬಿ 32, 40 ಆಂಪಿಯರ್ ಕೇಳುತ್ತದೆ. ಬ್ರೇಕರು ಚೆನ್ನಾಗಿದ್ದರೆ ಬೀಳುತ್ತದೆ; ಸವೆದಿದ್ದರೆ ಸಾಕೆಟ್ಟೇ ಬೇಯುತ್ತದೆ. ಆದ ಕಾರಣ ಮೊದಲೇ 24ಕ್ಕೆ ಇಳಿಸಿಡಬೇಕು. ನೂರಾರು ಮಂದಿ ತುರುಕಿ ಕಿತ್ತ ಸಾಕೆಟ್ಟು ಸಡಿಲವಾಗಿರುತ್ತದೆ. ಬ್ರೇಕರು ಆರಿಸಿಯೇ ಹಾಕಬೇಕು, ತೆಗೆಯಬೇಕು. ಅರ್ಧ ಗಂಟೆ ಬಿಟ್ಟು ಪ್ಲಗ್ಗು ಮುಟ್ಟಿ ನೋಡಿ, ಕೈಗೆ ತಾಳದಷ್ಟು ಬಿಸಿಯಿದ್ದರೆ ನಿಲ್ಲಿಸಿಬಿಡಬೇಕು. ಮತ್ತೆ, ಬಿಡಾರದ ಒಡೆಯನನ್ನು ಕೇಳದೆ ಹಾಕುವುದು ಸಲ್ಲದು. ಕರೆಂಟಿನ ಬಿಲ್ಲು ಅವನ ತಲೆಗೆ.

ಮಿಲ್ಲಿನಲ್ಲಿ ಮೋಟಾರು ಕಟ್ಟಿದ ನಮ್ಮ ಹಿರಿಯರಿಗೆ ಇದರಲ್ಲಿ ಹೊಸದೇನಿಲ್ಲ. ಈ ಮೇಜಿನ ಮೇಲಿರುವ ಕರಗಿದ ಪ್ಲಗ್ಗು ಒಂದು ಅಡುಗೆಮನೆಯದು. ನೋಡಿ, ಪಕ್ಕದವರಿಗೆ ದಾಟಿಸಿ.