ಮಫಲ್ ಎಂಬ ಪದದ ಅರ್ಥವಿಚಾರ



ಈ ದಿನ ನಾವು ಇಂಗ್ಲಿಷಿನ ‘ಮಫಲ್’ ಎಂಬ ಕ್ರಿಯಾಪದವನ್ನು ಕುರಿತು ವಿಚಾರ ಮಾಡೋಣ. ಪದವು ಅನ್ಯದೇಶದ್ದಾದರೂ ಅದರ ಸಂತತಿಯು ನಮ್ಮ ಮನೆಗೆ ಬಂದು ಬಹುಕಾಲವಾಯಿತು. ಮಾಗಿಯ ಚಳಿಯಲ್ಲಿ ಬೆಳ್ಳಂದೂರಿನ ಹಿರಿಯರು ಕೊರಳಿಗೆ ಸುತ್ತಿಕೊಳ್ಳುವ ಉಣ್ಣೆಯ ವಸ್ತ್ರಕ್ಕೆ ಮಫ್ಲರ್ ಎಂದೇ ಹೆಸರು. ಮೋಟಾರುಬಂಡಿಯಲ್ಲಿ ನಾವು ಸೈಲೆನ್ಸರ್ ಎನ್ನುವ ಸಾಧನವನ್ನು ಅಮೆರಿಕದವರು ಅದೇ ಹೆಸರಿನಿಂದ ಕರೆಯುತ್ತಾರೆ. ಕೊರಳಿನ ಬಟ್ಟೆಗೂ ಕಬ್ಬಿಣದ ಕೊಳವೆಗೂ ಏನು ಸಂಬಂಧ?

ಹಳೆಯ ಫ್ರೆಂಚಿನಲ್ಲಿ ‘ಮೂಫ್ಲ್’ ಎಂದರೆ ದಪ್ಪನೆಯ ಕೈಗವಸು. ಇಂಗ್ಲಿಷಿನಲ್ಲಿ ‘ಸುತ್ತಿ ಹೊದಿಸು’ ಎಂಬುದು ಮೊದಲಿನ ಅರ್ಥ. ಹೊದಿಸಿದಾಗ ಸದ್ದು ಕುಗ್ಗುವುದರಿಂದ ‘ಸದ್ದನ್ನು ಅಡಗಿಸು’ ಎಂಬುದು ಅನಂತರದ್ದು. ವೀಣೆಗೆ ಗವಸು ತೊಡಿಸುವ ನಮಗೆ ಈ ಭಾವವು ಹೊಸದಲ್ಲ. ಸೈನಿಕನ ಶವಯಾತ್ರೆಯಲ್ಲಿ ಕರಿಯ ಬಟ್ಟೆ ಹೊದಿಸಿ ಬಾರಿಸುವ ‘ಮಫಲ್ಡ್ ಡ್ರಮ್’ ಎಂಬ ಭೇರಿಯಲ್ಲಿ ಎರಡು ಅರ್ಥಗಳೂ ಕೂಡಿವೆ.

ನಮ್ಮ ವಿದ್ಯಾರ್ಥಿಗಳು ಇದನ್ನು ‘ನಿಶ್ಶಬ್ದಗೊಳಿಸು’ ಎಂದು ಅನುವಾದಿಸುವುದುಂಟು. ಅದು ಸರಿಯಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಅಳುತ್ತಿದ್ದಾರೆ. ಅಳು ಕೇಳುತ್ತದೆ, ಮಾತು ತಿಳಿಯದು. ಅದು ‘ಮಫಲ್ಡ್’. ಸದ್ದು ಸತ್ತಿಲ್ಲ, ಗವಸಿನೊಳಗಿದೆ. ಮತ್ತೆ ಕೆಲವರು ‘ಮಂದ್ರ’ ಎನ್ನುವರು. ಮಂದ್ರವು ಕೆಳಗಿನ ಸ್ಥಾಯಿ. ಅಲ್ಲಿ ಸ್ವರವು ಸ್ಪಷ್ಟವಾಗಿಯೇ ಇರಬಹುದು. ಇಲ್ಲಿ ಬೇಕಾದುದು ‘ಮಂದ’. ಬಟ್ಟೆಯೂ ಬಾಗಿಲೂ ಸದ್ದಿನ ತೀಕ್ಷ್ಣವಾದ ಅಂಶಗಳನ್ನು ಹೆಚ್ಚಾಗಿ ತಡೆಯುವುದರಿಂದ ವ್ಯಂಜನಗಳು ಅಳಿಸಿಹೋಗಿ ಗುನುಗು ಮಾತ್ರ ಉಳಿಯುತ್ತದೆ.

ಸೈಲೆನ್ಸರು ಕೂಡ ಹೆಸರಿಗೆ ಮೌನಕಾರಿ, ಕೆಲಸದಲ್ಲಿ ಗವಸು. ಇಂಜಿನಿನಿಂದ ಸಿಡಿದು ಬರುವ ಅನಿಲವು ಅದರ ಒಳಗಣ ಕೋಣೆಗಳಲ್ಲಿ ಹಿಗ್ಗಿ, ಸದ್ದಿನ ಅಲೆಗಳು ಗೋಡೆಗೆ ಬಡಿದು ಮರಳಿ ಒಂದನ್ನೊಂದು ಕುಗ್ಗಿಸುತ್ತವೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೦ನೆಯದು ಇದನ್ನು ಕಡ್ಡಾಯ ಮಾಡಿದೆ. ವಾಸಸ್ಥಳಗಳಲ್ಲಿ ಸದ್ದು ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮೀರಬಾರದೆಂದು ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಿಧಿಸುತ್ತವೆ. ಆದರೂ ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಸೈಲೆನ್ಸರನ್ನು ಕೆಡಿಸಿಕೊಂಡ ಬಂಡಿಯೊಂದು ನಡುರಾತ್ರಿ ಹಾದುಹೋದರೆ ತೊಟ್ಟಿಲ ಕೂಸು ಬೆಚ್ಚಿ ಏಳುತ್ತದೆ.

ಈ ಪದಕ್ಕೆ ಮತ್ತೊಂದು ಪ್ರಯೋಗವುಂಟು: ಜನರ ಅಭಿಪ್ರಾಯವನ್ನು ಅಡಗಿಸುವುದು. ಬೆಳ್ಳಂದೂರು ಕೆರೆಯಲ್ಲಿ ಕೊಳಚೆಯಿಂದ ನೊರೆ ಎದ್ದು, ೨೦೧೫ರಲ್ಲಿ ಅದಕ್ಕೆ ಬೆಂಕಿಯೂ ಹತ್ತಿತು. ೨೦೧೭ರ ಫೆಬ್ರವರಿಯಲ್ಲಿ ಕೆರೆಯು ಪುನಃ ಹೊತ್ತಿಕೊಂಡ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾನಾಗಿಯೇ ವಿಚಾರಣೆಗೆ ತೊಡಗಿತು. ಅದಕ್ಕೆ ಮುಂಚೆಯೂ ದಡದ ನಿವಾಸಿಗಳು ದೂರು ಹೇಳುತ್ತಲೇ ಇದ್ದರು; ಅವರ ಬಾಯನ್ನು ಯಾರೂ ಕಟ್ಟಿರಲಿಲ್ಲ. ಕೂಗು ಕೇಳುತ್ತಿತ್ತು, ಆದರೆ ಬಾಗಿಲಿನಾಚೆಯ ಅಳುವಿನಂತೆ ಕೇಳುತ್ತಿತ್ತು. ದನಿಯನ್ನು ಅಡಗಿಸಲು ಬಾಯಿ ಕಟ್ಟಬೇಕಾಗಿಲ್ಲ, ಬಾಗಿಲು ಮುಚ್ಚಿದರೆ ಸಾಕು ಎಂಬುದನ್ನು ಈ ಪದವು ತಿಳಿಸುತ್ತದೆ.

ಆದುದರಿಂದ ಗವಸು ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಕವು ನಮ್ಮಲ್ಲಿರಬೇಕು. ಬಂಡಿಯ ಆರ್ಭಟಕ್ಕೆ ಅದು ಅವಶ್ಯ. ನೆರೆಯವರ ಅಹವಾಲಿಗೆ ಅದನ್ನು ತೊಡಿಸುವುದು ಅನ್ಯಾಯ.