ಎರಡು ಕಿರೀಟಗಳ ನಡುವೆ ಒಬ್ಬ ರಾಣಿ
(ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಚರಿತ್ರೆಯ ಹೆಸರೆತ್ತಿದರೆ ನಮ್ಮಲ್ಲಿ ಅನೇಕರಿಗೆ ಮೊದಲು ನೆನಪಾಗುವುದು 1066ನೇ ಇಸವಿ. ನಾರ್ಮಂಡಿಯ ವಿಲಿಯಂ ಸಮುದ್ರ ದಾಟಿ ಬಂದು ಆ ದೇಶವನ್ನು ಗೆದ್ದ ವರ್ಷ ಅದು. ಆದರೆ ವಿಲಿಯಂನಿಗೆ ಆ ಸಿಂಹಾಸನ ತನ್ನದೆಂದು ಹೇಳುವ ಬಾಯಿ ಎಲ್ಲಿಂದ ಬಂತು? ಅವನ ಅಜ್ಜನ ತಂಗಿಯೊಬ್ಬಳು 64 ವರ್ಷಗಳ ಹಿಂದೆ ಇಂಗ್ಲೆಂಡಿನ ಅರಸನಿಗೆ ಮದುವೆಯಾಗಿ ಹೋಗಿದ್ದಳು. ಅವಳ ಹೆಸರು ಎಮ್ಮಾ. ಇಬ್ಬರು ಅರಸರ ಹೆಂಡತಿ, ಇಬ್ಬರು ಅರಸರ ತಾಯಿ. ಹೀಗಿದ್ದೂ ಅರಸರ ಪಟ್ಟಿಯನ್ನು ಉರುಹಚ್ಚಿದವರು ಈಕೆಯನ್ನು ಮರೆತಿರುತ್ತಾರೆ. ಇಂದು ಈಕೆಯ ಕತೆಯನ್ನು ನಿಮ್ಮ ಮುಂದಿಡುತ್ತೇವೆ.

ಅರಮನೆಯ ಕತೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅರಮನೆಯ ಒಳಗೆ ದಾಯಾದಿಗಳು ಕಾದಾಡಿದಾಗ ಹೊರಗೆ ನೇಗಿಲು ಹಿಡಿದವನ ಮನೆಯಲ್ಲಿ ಏನಾಯಿತು ಎಂಬುದನ್ನು ಈ ಕತೆ ಲೆಕ್ಕಸಮೇತ ತೋರಿಸುತ್ತದೆ. ಅದಕ್ಕಾಗಿಯೇ ಇದನ್ನು ಆರಿಸಿಕೊಂಡಿದ್ದೇವೆ.

ಎಮ್ಮಾ ನಾರ್ಮಂಡಿಯ ಒಡೆಯ ಮೊದಲನೆಯ ರಿಚರ್ಡನ ಮಗಳು. ಇವಳ ಮುತ್ತಜ್ಜ ರೋಲೋ ಹಡಗಿನಲ್ಲಿ ಬಂದು ಫ್ರಾನ್ಸಿನ ದಂಡೆಯಲ್ಲಿ ನೆಲೆಯೂರಿದ ವೈಕಿಂಗ್ ದಂಡಿನ ನಾಯಕ. ಆ ದಿನಗಳಲ್ಲಿ ಡೆನ್ಮಾರ್ಕಿನ ಕಡೆಯ ಹಡಗುಗಳು ವರ್ಷ ವರ್ಷವೂ ಇಂಗ್ಲೆಂಡಿನ ಮೇಲೆ ಬೀಳುತ್ತಿದ್ದವು. ಕೊಳ್ಳೆ ಹೊಡೆದವರಿಗೆ ನಾರ್ಮಂಡಿಯ ರೇವುಗಳಲ್ಲಿ ಆಶ್ರಯ ಸಿಗುತ್ತಿತ್ತು. ಆ ರೇವುಗಳನ್ನು ಮುಚ್ಚಿಸಬೇಕೆಂಬುದು ಇಂಗ್ಲೆಂಡಿನ ಅರಸ ಎಥೆಲ್ರೆಡ್‌ನ ಆಸೆ. 1002ರಲ್ಲಿ ಅವನು ಎಮ್ಮಾಳನ್ನು ಮದುವೆಯಾದ. ಇದು ಮದುವೆಯೆಂಬ ಹೆಸರಿನ ಕರಾರು. ಮೊದಲ ಹೆಂಡತಿಯಿಂದ ಆತನಿಗೆ ಆಗಲೇ ಹಲವು ಗಂಡುಮಕ್ಕಳಿದ್ದರು. ಹುಡುಗಿಯ ಹೆಸರನ್ನೂ ಬಿಡಲಿಲ್ಲ. ಎಮ್ಮಾ ಎಂಬ ಪರದೇಶದ ಹೆಸರು ತೆಗೆದು ಆಲ್ಫ್‌ಗಿಫು ಎಂದು ಕರೆದರು.

ಮದುವೆಯಾದ ವರ್ಷವೇ ಎರಡು ಘಟನೆಗಳು ನಡೆದವು. ದಾಳಿಕೋರರಿಗೆ ಶಾಂತಿಯ ಬೆಲೆಯಾಗಿ 24,000 ಪೌಂಡು ಬೆಳ್ಳಿ ಕೊಡಲಾಯಿತು. ಅದೇ ನವೆಂಬರ್ 13ರಂದು ಇಂಗ್ಲೆಂಡಿನಲ್ಲಿರುವ ಡೇನ್ ಜನರನ್ನೆಲ್ಲ ಕೊಲ್ಲಿರೆಂದು ಅರಸನ ಅಪ್ಪಣೆ ಹೊರಟಿತು. ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಕತ್ತಿ. ಎರಡೂ ಫಲ ಕೊಡಲಿಲ್ಲ.

ಈಗ ಈ ಹಣದ ಲೆಕ್ಕವನ್ನು ಸ್ವಲ್ಪ ನೋಡೋಣ. ಆ ಕಾಲದ ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ಅಂಕಿಗಳಿವೆ. 991ರಲ್ಲಿ 10,000 ಪೌಂಡು. 994ರಲ್ಲಿ 16,000. 1002ರಲ್ಲಿ 24,000. 1012ರಲ್ಲಿ 48,000. ಏಣಿಯ ಮೆಟ್ಟಿಲಿನಂತೆ ಏರುತ್ತಲೇ ಹೋಯಿತು. ಕೊಟ್ಟಷ್ಟೂ ಬಂದವನಿಗೆ ದಾರಿ ರೂಢಿಯಾಯಿತು. 1012ರಲ್ಲಿ ಅರಸ ಇನ್ನೊಂದು ಉಪಾಯ ಹೂಡಿದ: ದಾಳಿಗೆ ಬಂದಿದ್ದ ಡೇನರ 45 ಹಡಗುಗಳನ್ನೇ ಸಂಬಳಕ್ಕೆ ಇಟ್ಟುಕೊಂಡ. ಆ ಸಂಬಳಕ್ಕೆಂದು ಪ್ರಜೆಗಳ ಮೇಲೆ ಹೊಸದೊಂದು ಸೈನ್ಯ ತೆರಿಗೆ ಬಿತ್ತು. ಈ ತೆರಿಗೆಯನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತದೆ. ಅದೇ ವರ್ಷ ಅರಸ ರಾಣಿಗೆ ವಿಂಚೆಸ್ಟರ್ ಪಟ್ಟಣದಲ್ಲಿ ಒಂದು ನಿವೇಶನವನ್ನೂ ಬರೆದುಕೊಟ್ಟ.

1013ರಲ್ಲಿ ಡೆನ್ಮಾರ್ಕಿನ ಅರಸ ಸ್ವೇನ್ ದೇಶವನ್ನೇ ಗೆದ್ದ. ಎಮ್ಮಾ ತನ್ನ ಅಣ್ಣನ ಆಶ್ರಯಕ್ಕೆ ನಾರ್ಮಂಡಿಗೆ ಓಡಿದಳು. ಮಕ್ಕಳೂ, ಕೊನೆಗೆ ಗಂಡನೂ ಅಲ್ಲಿಗೇ ಬಂದರು. 1014ರಲ್ಲಿ ಸ್ವೇನ್ ಸತ್ತಾಗ ಇಂಗ್ಲೆಂಡಿನ ಮುಖಂಡರು ಎಥೆಲ್ರೆಡ್‌ನನ್ನು ಮರಳಿ ಕರೆದರು. ಹೇಗೆ ಕರೆದರು ಗೊತ್ತೇ? ಹಿಂದಿಗಿಂತ ನ್ಯಾಯವಾಗಿ ಆಳುವುದಾದರೆ ಬಾ ಎಂದರು. ಅರಸನೂ ಒಪ್ಪಿ, ಜನ ದ್ವೇಷಿಸುತ್ತಿದ್ದುದನ್ನೆಲ್ಲ ಸರಿಪಡಿಸುವೆನೆಂದು ಮಾತು ಕೊಟ್ಟ. ಅರಸನಿಗೆ ಷರತ್ತು ಹಾಕಿ ಪಟ್ಟಕ್ಕೆ ಕರೆಸಿದ ಈ ಸಂಗತಿ ಸಣ್ಣದಲ್ಲ. ಆದರೆ ಷರತ್ತು ಹಾಕಿದವರೂ ದೊಡ್ಡ ಹಿಡುವಳಿಯ ಒಡೆಯರೇ. ತೆರಿಗೆ ಇಳಿಯಲಿಲ್ಲ, ಆ ವರ್ಷವೇ ಮತ್ತೆ 21,000 ಪೌಂಡು ಎತ್ತಿದರು.

1016ರ ಏಪ್ರಿಲಿನಲ್ಲಿ ಎಥೆಲ್ರೆಡ್ ಸತ್ತ. ಮೊದಲ ಹೆಂಡತಿಯ ಮಗ ಎಡ್ಮಂಡ್ ಸ್ವೇನನ ಮಗ ಕ್ಯಾನ್ಯೂಟನೊಡನೆ ವರ್ಷವಿಡೀ ಕಾದಿ ನವೆಂಬರಿನಲ್ಲಿ ತೀರಿಕೊಂಡ. ದೇಶವೆಲ್ಲ ಕ್ಯಾನ್ಯೂಟನದಾಯಿತು. 1017ರ ಬೇಸಗೆಯಲ್ಲಿ ಅವನು ಸತ್ತ ಅರಸನ ಹೆಂಡತಿಯನ್ನು ತನಗೆ ಕರೆತರಬೇಕೆಂದು ಅಪ್ಪಣೆ ಮಾಡಿಸಿದ. ಗಂಡನ ನಾಡನ್ನು ಗೆದ್ದವನಿಗೆ ಎಮ್ಮಾ ಹೆಂಡತಿಯಾದಳು. ಅವಳ ಇಬ್ಬರು ಗಂಡುಮಕ್ಕಳು ಎಡ್ವರ್ಡ್ ಮತ್ತು ಆಲ್ಫ್ರೆಡ್ ನಾರ್ಮಂಡಿಯಲ್ಲಿ ಸೋದರಮಾವನ ಮನೆಯ ಅನ್ನ ಉಣ್ಣುತ್ತ ಬೆಳೆದರು.

ಮುಂದೆ ಇದೇ ಕ್ಯಾನ್ಯೂಟ್ ಒಂದು ಕಾನೂನು ಸಂಹಿತೆ ಹೊರಡಿಸಿದ. ಯಾವ ವಿಧವೆಯನ್ನಾಗಲಿ ಕನ್ಯೆಯನ್ನಾಗಲಿ ಆಕೆಗೆ ಬೇಡವಾದ ಗಂಡಸಿಗೆ ಬಲವಂತದಿಂದ ಕೊಡಕೂಡದು, ಹಣಕ್ಕೆ ಮಾರಕೂಡದು ಎಂಬ ವಿಧಿ ಅದರಲ್ಲಿದೆ. ಒಳ್ಳೆಯ ಕಾನೂನು. ಸಾವಿರ ವರ್ಷದ ಹಿಂದೆ ಅದನ್ನು ಬರೆಯಬೇಕಾಯಿತೆಂದರೆ ಹಾಗೆ ಕೊಡುವುದೂ ಮಾರುವುದೂ ನಡೆಯುತ್ತಿತ್ತು ಎಂದೇ ಅರ್ಥ.

ಹಾಗಾದರೆ ಎಮ್ಮಾ ಬರೀ ಬಲಿಪಶುವೇ? ಹಾಗೆನ್ನಲು ಆಧಾರವಿಲ್ಲ. ಕ್ಯಾನ್ಯೂಟನಿಗೆ ಆಗಲೇ ಇನ್ನೊಬ್ಬ ಸಂಗಾತಿಯಿದ್ದಳು. ಅವಳ ಹೆಸರೂ ಆಲ್ಫ್‌ಗಿಫು. ಅವಳಿಗೆ ಸ್ವೇನ್, ಹೆರಾಲ್ಡ್ ಎಂಬ ಇಬ್ಬರು ಮಕ್ಕಳು. ತನ್ನ ಹೊಟ್ಟೆಯಲ್ಲಿ ಹುಟ್ಟುವ ಮಗನಲ್ಲದೆ ಬೇರೆ ಹೆಂಗಸಿನ ಮಗ ಪಟ್ಟವೇರಬಾರದೆಂದು ಎಮ್ಮಾ ಮದುವೆಗೆ ಮುನ್ನವೇ ಆಣೆ ಮಾಡಿಸಿಕೊಂಡಳೆಂದು, ಆಕೆಗಾಗಿಯೇ ಬರೆದ ಒಂದು ಪುಸ್ತಕ ಹೇಳುತ್ತದೆ. ಈ ಷರತ್ತಿನಿಂದ ಸವತಿಯ ಮಕ್ಕಳಿಗೆ ಬಾಗಿಲು ಮುಚ್ಚಿತು. ತನ್ನದೇ ಮೊದಲ ಮಕ್ಕಳಿಗೂ ಮುಚ್ಚಿತು! ಹೊಸ ಗಂಡನಿಂದ ಹಾರ್ಡಿಕ್ಯಾನ್ಯೂಟ್ ಎಂಬ ಮಗನೂ ಗುನ್‌ಹಿಲ್ಡ್ ಎಂಬ ಮಗಳೂ ಹುಟ್ಟಿದರು. ಅರಸನ ಬಲಗೈಯಂತೆ ಎಮ್ಮಾ ಆಸ್ಥಾನದಲ್ಲಿ ನಡೆದಳು, ದಾನಪತ್ರಗಳಿಗೆ ಸಾಕ್ಷಿ ಹಾಕಿದಳು, ಮಠಗಳಿಗೆ ದತ್ತಿ ಕೊಟ್ಟಳು, ಬೊಕ್ಕಸ ತುಂಬಿಕೊಂಡಳು.

ಆ ಬೊಕ್ಕಸಕ್ಕೆ ಹಣ ಎಲ್ಲಿಂದ? 1018ರಲ್ಲಿ ಕ್ಯಾನ್ಯೂಟ್ ತನ್ನ ಪಡೆಗೆ ಬಟವಾಡೆ ಮಾಡಲು 72,000 ಪೌಂಡು ಎತ್ತಿದ. ಲಂಡನ್ ಒಂದರಿಂದಲೇ ಇನ್ನೂ 10,500. ಒಂದು ಪೌಂಡಿಗೆ 240 ಬೆಳ್ಳಿ ಪೆನ್ನಿ. ಗುಣಿಸಿ ನೋಡಿ: ಸುಮಾರು 2 ಕೋಟಿ ನಾಣ್ಯ. ಈ ಅಂಕಿ ಉಬ್ಬಿಸಿದ್ದೆಂದು ವಾದಿಸುವ ಚರಿತ್ರಕಾರರೂ ಇದ್ದಾರೆ. ಅರ್ಧವೆಂದೇ ಇಟ್ಟುಕೊಳ್ಳೋಣ, ಆದರೂ ಅದು ಭೂಮಿಯ ಅಳತೆಯ ಮೇಲೆ ಬಿದ್ದ ತೆರಿಗೆ, ಉಳುವವನ ಕಣಜದಿಂದ ಹೋದ ಹಣ. ಸ್ವೀಡನ್, ಡೆನ್ಮಾರ್ಕುಗಳ ನೆಲ ಅಗೆದಾಗ ಆ ಕಾಲದ ಇಂಗ್ಲಿಷ್ ಪೆನ್ನಿಗಳು ಹತ್ತಾರು ಸಾವಿರ ಸಿಕ್ಕಿವೆ.

1035ರ ನವೆಂಬರ್ 12ರಂದು ಕ್ಯಾನ್ಯೂಟ್ ಸತ್ತ. ಹಾರ್ಡಿಕ್ಯಾನ್ಯೂಟ್ ಡೆನ್ಮಾರ್ಕಿನಲ್ಲಿ ಸಿಕ್ಕಿಬಿದ್ದಿದ್ದ. ಸವತಿಯ ಮಗ ಹೆರಾಲ್ಡ್ ಇಲ್ಲೇ ಇದ್ದ. ಎಮ್ಮಾ ವಿಂಚೆಸ್ಟರಿನಲ್ಲಿ ಗಂಡನ ಅಂಗರಕ್ಷಕ ಪಡೆಯನ್ನು ಇಟ್ಟುಕೊಂಡು ಮಗನ ಹಕ್ಕನ್ನು ಕಾಯುತ್ತ ಕುಳಿತಳು. ಹೆರಾಲ್ಡ್ ಆಳು ಕಳಿಸಿ ಆಕೆಯ ಬಳಿಯಿದ್ದ ಕ್ಯಾನ್ಯೂಟನ ಐಶ್ವರ್ಯದಲ್ಲಿ ಒಳ್ಳೆಯದನ್ನೆಲ್ಲ ಬಾಚಿಸಿಕೊಂಡ. ಹೆರಾಲ್ಡ್ ಕ್ಯಾನ್ಯೂಟನ ಮಗನೇ ಅಲ್ಲ, ದಾಸಿಯ ಮಗನನ್ನು ತಂದು ಮಲಗಿಸಿದ್ದರು ಎಂಬ ಸುದ್ದಿಯನ್ನು ಎಮ್ಮಾಳ ಕಡೆಯವರು ಹಬ್ಬಿಸಿದರು. ಅರಸೊತ್ತಿಗೆಯ ಜಗಳದಲ್ಲಿ ಹೆಂಗಸಿನ ಶೀಲ ಯಾವಾಗಲೂ ಸುಲಭದ ಆಯುಧ. ಇಲ್ಲಿ ಹೆಂಗಸೇ ಹೆಂಗಸಿನ ಮೇಲೆ ಅದನ್ನು ಬೀಸಿದಳು.

1036ರಲ್ಲಿ ಕಿರಿಯ ಮಗ ಆಲ್ಫ್ರೆಡ್ ನಾರ್ಮಂಡಿಯಿಂದ ತಾಯಿಯನ್ನು ಕಾಣಲೆಂದು ಹೊರಟುಬಂದ. ದಾರಿಯಲ್ಲಿ ಗಾಡ್ವಿನ್ ಎಂಬ ಪ್ರಬಲ ಪಾಳೆಯಗಾರ ಅವನನ್ನು ಹಿಡಿದ. ಜೊತೆಗಿದ್ದವರನ್ನು ಕೆಲವರನ್ನು ಕೊಂದರು, ಕೆಲವರನ್ನು ಗುಲಾಮರನ್ನಾಗಿ ಮಾರಿದರು. ರಾಜಕುಮಾರನ ಕಣ್ಣು ಕೀಳಿಸಿ ಈಲಿ ಎಂಬಲ್ಲಿಯ ಮಠಕ್ಕೆ ಒಯ್ದರು. ಅಲ್ಲಿಯೇ ಅವನು ಸತ್ತ. ಮಗನನ್ನು ಕರೆಸಿದ ಪತ್ರ ತಾಯಿಯ ಹೆಸರಿನಲ್ಲಿತ್ತು. ಅದು ಹೆರಾಲ್ಡ್ ಸೃಷ್ಟಿಸಿದ ಕಳ್ಳಪತ್ರವೆಂದು ಎಮ್ಮಾಳ ಪುಸ್ತಕ ಹೇಳುತ್ತದೆ. 1037ರಲ್ಲಿ ಹೆರಾಲ್ಡ್ ಇಡೀ ದೇಶದ ಅರಸನಾದ. ಎಮ್ಮಾಳನ್ನು ಕೊರೆಯುವ ಚಳಿಗಾಲದಲ್ಲಿ ದೇಶದಿಂದ ಅಟ್ಟಿದರು. ಆಕೆ ಫ್ಲಾಂಡರ್ಸಿನ ಬ್ರೂಜ್ ಪಟ್ಟಣದಲ್ಲಿ ಪರರ ಆಶ್ರಯದಲ್ಲಿ ಮೂರು ವರ್ಷ ಕಳೆದಳು.

1040ರಲ್ಲಿ ಹೆರಾಲ್ಡ್ ಸತ್ತ. ಹಾರ್ಡಿಕ್ಯಾನ್ಯೂಟ್ ತಾಯಿಯೊಡನೆ ಸುಮಾರು 60 ಹಡಗು ತುಂಬ ಸೈನಿಕರನ್ನು ತಂದು ಪಟ್ಟವೇರಿದ. ಮೊದಲ ಕೆಲಸವಾಗಿ ಹೆರಾಲ್ಡನ ಹೆಣವನ್ನು ಅಗೆಸಿ ಕೆಸರಿಗೆ ಎಸೆಯಿಸಿದ. ಎರಡನೆಯ ಕೆಲಸ ತೆರಿಗೆ. ಹಡಗಿನವರ ಸಂಬಳಕ್ಕೆಂದು 21,000 ಪೌಂಡಿಗೂ ಮಿಕ್ಕಿ ಎತ್ತಿದ. ಮತ್ತೆ 32 ಹಡಗುಗಳಿಗೆಂದು ಇನ್ನೂ 11,000ಕ್ಕೂ ಹೆಚ್ಚು. ಅದೇ ಕಾಲಕ್ಕೆ ಗೋಧಿಯ ಬೆಲೆ ಗಗನಕ್ಕೇರಿತ್ತೆಂದು ವೃತ್ತಾಂತಕಾರ ಬರೆದಿಟ್ಟಿದ್ದಾನೆ.

ಇಲ್ಲಿ, ಸಂಗಾತಿಗಳೇ, ಇಷ್ಟು ಹೊತ್ತು ಮೌನವಾಗಿದ್ದ ಜನ ರಂಗಕ್ಕೆ ಬರುತ್ತಾರೆ. 1041ರ ಮೇ 4ರಂದು ವೂಸ್ಟರ್ ಪಟ್ಟಣದಲ್ಲಿ ತೆರಿಗೆ ವಸೂಲಿಗೆ ಬಂದ ಅರಸನ ಇಬ್ಬರು ಪಡೆಯಾಳುಗಳನ್ನು ರೊಚ್ಚಿಗೆದ್ದ ಜನ ಬೆನ್ನಟ್ಟಿದರು. ಅವರು ಮಠದ ಗೋಪುರವೇರಿ ಅಡಗಿದರು. ಜನ ಅಲ್ಲಿಗೇ ಹತ್ತಿ ಕೊಂದರು. ನವೆಂಬರಿನಲ್ಲಿ ಅರಸ ದೇಶದ ಪ್ರಮುಖ ಪಾಳೆಯಗಾರರನ್ನೆಲ್ಲ ದಂಡಿನೊಡನೆ ಕಳಿಸಿದ. ಗಂಡಸರನ್ನೆಲ್ಲ ಕೊಲ್ಲಿ, ಪಟ್ಟಣ ಸುಡಿ, ಸೀಮೆ ಹಾಳುಮಾಡಿ ಎಂದು ಅಪ್ಪಣೆ. ನಾಲ್ಕು ದಿನ ಸುಲಿದರು, ಐದನೆಯ ದಿನ ಪಟ್ಟಣಕ್ಕೆ ಬೆಂಕಿಯಿಟ್ಟರು. ಆದರೆ ಕೊಲ್ಲಲು ಜನ ಸಿಗಲಿಲ್ಲ. ಸುದ್ದಿ ಮೊದಲೇ ತಿಳಿದು ಹಳ್ಳಿಗರು ಚೆದರಿದ್ದರು. ಪಟ್ಟಣಿಗರು ಸೆವರ್ನ್ ನದಿಯ ನಡುವಿನ ಬೆವೆರಿ ಎಂಬ ನಡುಗಡ್ಡೆ ಸೇರಿ ಕೋಟೆ ಕಟ್ಟಿಕೊಂಡು ಗಟ್ಟಿಯಾಗಿ ಎದುರಿಸಿದರು. ಕೊನೆಗೆ ಅರಸನ ದಂಡೇ ರಾಜಿಗೆ ಬಂತು. ಜನ ತಮ್ಮ ಮನೆಗಳಿಗೆ, ಉಳಿದಿದ್ದ ಬೂದಿಗೆ, ಮರಳಿದರು. ಆ ಜನರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಕೊಲೆಯಾದ ವಸೂಲಿಗಾರರ ಹೆಸರು ಮಾತ್ರ ಬರಹದಲ್ಲಿದೆ.

ಇತ್ತ ಅರಮನೆಯಲ್ಲಿ ಏನು ನಡೆಯುತ್ತಿತ್ತು? ಆ ಹೊತ್ತಿನಲ್ಲೇ ಎಮ್ಮಾ ಫ್ಲಾಂಡರ್ಸಿನ ಒಬ್ಬ ಸನ್ಯಾಸಿಯಿಂದ ತನ್ನ ಪ್ರಶಸ್ತಿಯ ಪುಸ್ತಕ ಬರೆಯಿಸುತ್ತಿದ್ದಳು. ಲ್ಯಾಟಿನ್ ಭಾಷೆಯ ಆ ಗ್ರಂಥದ ಮೊದಲ ಚಿತ್ರದಲ್ಲಿ ಆಕೆ ಸಿಂಹಾಸನದ ಮೇಲೆ ಕೂತಿದ್ದಾಳೆ, ಸನ್ಯಾಸಿ ಮಂಡಿಯೂರಿ ಪುಸ್ತಕ ಒಪ್ಪಿಸುತ್ತಿದ್ದಾನೆ, ಪಕ್ಕದಿಂದ ಇಬ್ಬರು ಮಕ್ಕಳು ಇಣುಕುತ್ತಿದ್ದಾರೆ. ಇಡೀ ಪುಸ್ತಕದಲ್ಲಿ ಮೊದಲ ಗಂಡ ಎಥೆಲ್ರೆಡ್‌ನ ಹೆಸರೇ ಇಲ್ಲ. ಹದಿನಾಲ್ಕು ವರ್ಷದ ಸಂಸಾರವನ್ನು ಒರಸಿಹಾಕಿದ್ದಾರೆ. ಚರಿತ್ರೆ ಬರೆಯಿಸುವವರು ಏನನ್ನು ಬಿಡಿಸುತ್ತಾರೆಂಬುದನ್ನೂ ನಾವು ಓದಲು ಕಲಿಯಬೇಕು.

ಅಷ್ಟರಲ್ಲಿ ಎಡ್ವರ್ಡನನ್ನೂ ನಾರ್ಮಂಡಿಯಿಂದ ಕರೆಸಿದ್ದರು. 1042ರ ಜೂನ್ 8ರಂದು ಹಾರ್ಡಿಕ್ಯಾನ್ಯೂಟ್ ಒಂದು ಮದುವೆಯ ಔತಣದಲ್ಲಿ ಕುಡಿಯುತ್ತ ನಿಂತಲ್ಲೇ ಕುಸಿದು ಸತ್ತ. ಎಡ್ವರ್ಡ್ ಅರಸನಾದ, 1043ರ ಏಪ್ರಿಲಿನಲ್ಲಿ ಪಟ್ಟಾಭಿಷೇಕ. ಇನ್ನೇನು, ತಾಯಿ ರಾಜಮಾತೆಯಾಗಿ ಸುಖವಾಗಿದ್ದಳು ಎನ್ನುತ್ತೀರಾ? ಆ ನವೆಂಬರಿನಲ್ಲೇ ಮಗ ಗಾಡ್ವಿನ್ ಮೊದಲಾದ ಮೂವರು ಪಾಳೆಯಗಾರರನ್ನು ಕೂಡಿಕೊಂಡು ಗ್ಲಾಸ್ಟರಿನಿಂದ ಕುದುರೆಯೇರಿ ವಿಂಚೆಸ್ಟರಿಗೆ ಬಂದು, ತಾಯಿಗೆ ಸುಳಿವೂ ಕೊಡದೆ ಆಕೆಯ ಬೆಳ್ಳಿ ಬಂಗಾರ, ಭೂಮಿ ಎಲ್ಲವನ್ನೂ ಕಿತ್ತುಕೊಂಡ. ಅರಸನಾಗುವ ಮುಂಚೆಯೂ ಆಮೇಲೂ ಆಕೆ ತನಗೆ ಬೇಕಾದಷ್ಟು ಮಾಡಲಿಲ್ಲವೆಂಬುದೇ ಕಾರಣ. 25 ವರ್ಷ ಪರದೇಶದಲ್ಲಿ ಬಿಟ್ಟ ತಾಯಿಯ ಮೇಲೆ ಮಗನಿಗೆ ಸಿಟ್ಟಿದ್ದುದು ಸಹಜವೇ. ಆದರೆ ತಮ್ಮನನ್ನು ಹಿಡಿದುಕೊಟ್ಟ ಗಾಡ್ವಿನ್ ಅಂದು ಅವನ ಪಕ್ಕದಲ್ಲೇ ಕುದುರೆಯ ಮೇಲಿದ್ದ. ಪಾಳೆಯಗಾರನನ್ನು ಮುಟ್ಟಲು ಅರಸನಿಗೆ ಬಲವಿರಲಿಲ್ಲ. ತಾಯಿಯನ್ನು ಮುಟ್ಟಲು ಬಲವಿತ್ತು.

ಎಮ್ಮಾ 1052ರ ಮಾರ್ಚ್ 6ರಂದು ವಿಂಚೆಸ್ಟರಿನಲ್ಲಿ ತೀರಿಕೊಂಡಳು. ಎರಡನೆಯ ಗಂಡನ ಪಕ್ಕದಲ್ಲಿ ಮಣ್ಣಾದಳು. ಅದಕ್ಕೆ ಹಿಂದಿನ ವರ್ಷ, 1051ರಲ್ಲಿ, ಎಡ್ವರ್ಡ್ ಆ ಸೈನ್ಯ ತೆರಿಗೆಯನ್ನು ನಿಲ್ಲಿಸಿದ್ದ. 1012ರಲ್ಲಿ ಶುರುವಾದ ಆ ಹೊರೆ, ಆಕೆಯ ಇಬ್ಬರು ಗಂಡಂದಿರನ್ನೂ ಒಬ್ಬ ಮಗನನ್ನೂ ಮೀರಿ ಬಾಳಿತು. ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಮುಂದೆ ಬಂದ ಅರಸರು ಭೂಮಿಯ ಮೇಲಿನ ಅದೇ ಬಗೆಯ ತೆರಿಗೆಯನ್ನು 1162ರವರೆಗೂ ಎತ್ತಿದರು.

ಈಕೆಯನ್ನು ಹೇಗೆ ತೂಗೋಣ? ರಾಣಿಯೆಂದು ಕೈಮುಗಿಯಬೇಕಾಗಿಲ್ಲ, ಕ್ರೂರ ತಾಯಿಯೆಂದು ಕಲ್ಲೆಸೆಯಬೇಕಾಗಿಯೂ ಇಲ್ಲ. ಗಂಡು ಹೆತ್ತರೆ ಬೆಲೆ, ಬೊಕ್ಕಸ ಹಿಡಿದಿದ್ದರೆ ಬೆಲೆ, ಎರಡೂ ತಪ್ಪಿದರೆ ಚಳಿಯಲ್ಲಿ ಹಡಗು ಹತ್ತಬೇಕು. ಇಂಥ ಕಟ್ಟಿನೊಳಗೆ ಬುದ್ಧಿವಂತೆಯಾದ ಒಬ್ಬ ಹೆಂಗಸು ಐವತ್ತು ವರ್ಷ ಉಳಿದುಕೊಂಡಳು. ಉಳಿದುಕೊಳ್ಳಲು ಮಕ್ಕಳನ್ನೇ ಪಗಡೆಯ ಕಾಯಿ ಮಾಡಿದಳು. ಆ ಆಟದ ಪಣಕ್ಕೆ ಬೆಳ್ಳಿ ಹೊಂದಿಸಿದವರು ಆಟದಲ್ಲಿ ಇರಲೇ ಇಲ್ಲ.

ಅರಸರ ಚರಿತ್ರೆ ಓದುವಾಗ ಎರಡು ಪುಸ್ತಕ ಜೊತೆಗಿಟ್ಟುಕೊಳ್ಳಿ ಎಂಬುದೊಂದೇ ನಮ್ಮ ಕೋರಿಕೆ. ಒಂದು, ರಾಣಿ ಬರೆಯಿಸಿದ ಪ್ರಶಸ್ತಿ. ಇನ್ನೊಂದು, ತೆರಿಗೆಯ ಲೆಕ್ಕ. ಎರಡನ್ನೂ ಎದುರೆದುರು ಇಟ್ಟಾಗ ವಿಂಚೆಸ್ಟರಿನ ಅರಮನೆಯೂ ಕಾಣುತ್ತದೆ, ವೂಸ್ಟರಿನ ನಡುಗಡ್ಡೆಯೂ ಕಾಣುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.